ಹಳೇ ಪದ್ಮಿನಿಗೆ ಒಳಹೊದಿಕೆ: ಸದ್ದು, ಶಾಖ ಮತ್ತು ತುಕ್ಕು

ಪ್ರೀಮಿಯರ್ ಪದ್ಮಿನಿಯಲ್ಲಿ ಒಮ್ಮೆಯಾದ್ರೂ ದೂರ ಹೋದವರಿಗೆ ಗೊತ್ತು, ಸ್ಪೀಡ್ 60 ದಾಟಿದ ಮೇಲೆ ಮಾತು ನಿಂತು ಕೈಸನ್ನೆ ಶುರುವಾಗುತ್ತೆ. ಇಂಜಿನ್ನಿನ ಗುಂಯ್ ಒಂದು ಕಡೆ, ಬಾಗಿಲುಗಳ ಗಡಗಡ ಇನ್ನೊಂದು ಕಡೆ, ಕಾಲ ಹತ್ತಿರ ಬಿಸಿ ಬೇರೆ. ನಮ್ಮ ಬ್ಯಾಚಿನ ಗೆಳೆಯನೊಬ್ಬನ ಮನೆಯಲ್ಲಿ 1980ರ ದಶಕದ ಪದ್ಮಿನಿ ಇದೆ, ಅವನ ತಾತ ತಗೊಂಡಿದ್ದು. ಸೀಟು, ಕಾರ್ಪೆಟ್ ಎಲ್ಲ ಬಿಚ್ಚಿ ಹೊಸದಾಗಿ ಮಾಡಿಸೋಣ ಅಂತ ಮನೆಯವರು ತೀರ್ಮಾನಿಸಿದಾಗ, "ನೀವೆಲ್ಲ ಮೆಕ್ಯಾನಿಕಲ್ ಹುಡುಗರು ತಾನೇ, ಒಳಗೆ ಯಾವ ಶೀಟು ಹಾಕಿಸ್ಬೇಕು ಹೇಳ್ರಪ್ಪಾ" ಅಂತ ಆ ಕೆಲಸ ನಮ್ಮ ನಾಲ್ವರ ತಲೆಗೆ ಬಂತು.

ಅಂಗಡಿಗಳಲ್ಲಿ ಕೇಳಿದ್ರೆ ಸಿಗೋ ಉತ್ತರ ಒಂದೇ: "ಫುಲ್ ಡ್ಯಾಂಪಿಂಗ್ ಹೊಡೆಸಿ ಸಾರ್. ನಾಲ್ಕೂ ಡೋರು, ಫ್ಲೋರು, ರೂಫು, ಡಿಕ್ಕಿ." ಹೊಸ ಕಾರಿಗೆ ಹೀಗೆ ಮಾಡಿಸಿದ್ರೆ ದುಡ್ಡು ದಂಡ, ಅಷ್ಟೇ. ಹಳೆ ಕಾರಿಗೆ ಇದು ಅಪಾಯವೂ ಹೌದು. ಪದ್ಮಿನಿಗೆ ಲಾರಿಯ ಹಾಗೆ ಪ್ರತ್ಯೇಕ ಚಾಸಿ ಇಲ್ಲ. ಅದರದ್ದು ಮೊನೊಕಾಕ್ ಬಾಡಿ, ಅಂದ್ರೆ ಕಾಲಿಡೋ ತಗಡೇ ಕಾರಿನ ಬೆನ್ನೆಲುಬು. ಅದು ತುಕ್ಕು ಹಿಡಿದು ಹೋದ್ರೆ ಹೊಸ ಫ್ಲೋರ್ ತಂದು ಹಾಕೋದು ಸುಲಭ ಅಲ್ಲ. ಈ ಕಾರಿನ ತಯಾರಿಕೆ ನಿಂತು ಕಾಲು ಶತಮಾನವೇ ಆಗಿದೆ. ಸದ್ದು ಕಮ್ಮಿ ಆಗಲಿ ಅಂತ ಹಾಕಿದ ಹೊದಿಕೆಯ ಕೆಳಗೇ ಕಾರು ಕರಗಿ ಹೋಗಬಹುದು. ಅದಕ್ಕೇ ಶೀಟು ಆರಿಸುವ ಮೊದಲು, ಯಾವ ವಸ್ತು ಯಾವ ಕೆಲಸ ಮಾಡುತ್ತೆ ಅಂತ ಗೊತ್ತಿರಬೇಕು.

ಸದ್ದು ಅನ್ನೋದು ಒಂದೇ ಸಮಸ್ಯೆ ಅಲ್ಲ

ಮನೆಯಲ್ಲಿ ಒಂದು ಸ್ಟೀಲ್ ತಟ್ಟೆ ತಗೊಂಡು ಚಮಚದಿಂದ ಹೊಡೀರಿ. ಠಣ್ ಅನ್ನುತ್ತೆ. ಈಗ ಅದರ ಹಿಂಭಾಗಕ್ಕೆ ಒಂದು ಮುದ್ದೆ ಚಪಾತಿ ಹಿಟ್ಟು ಒತ್ತಿ ಮತ್ತೆ ಹೊಡೀರಿ. ಟಪ್ ಅಂತ ಸತ್ತುಹೋಗುತ್ತೆ. ಇದೇ ಡ್ಯಾಂಪಿಂಗ್. ತಗಡು ಅಲ್ಲಾಡಿದಾಗ ಹಿಟ್ಟೂ ಅದರ ಜೊತೆ ಎಳೆದಾಡುತ್ತೆ, ಆ ಎಳೆದಾಟದಲ್ಲಿ ಕಂಪನದ ಶಕ್ತಿ ಶಾಖವಾಗಿ ಹೋಗುತ್ತೆ. ಕಾರಿಗೆ ಹಿಟ್ಟಿನ ಬದಲು ಬ್ಯುಟೈಲ್ ರಬ್ಬರ್ ಶೀಟು, ಅದರ ಮೇಲೊಂದು ಅಲ್ಯೂಮಿನಿಯಂ ಹಾಳೆ. ಈ ಹಾಳೆ ಚಂದಕ್ಕೆ ಇರೋದಲ್ಲ. ತಗಡು ಬಾಗಿದಾಗ ಹಾಳೆ ಅಷ್ಟು ಸುಲಭವಾಗಿ ಹಿಗ್ಗಲ್ಲ, ಹಾಗಾಗಿ ನಡುವೆ ಸಿಕ್ಕಿಕೊಂಡ ರಬ್ಬರ್ ಶಿಯರ್ ಆಗುತ್ತೆ. ಹಾಳೆ ಇಲ್ಲದಿದ್ರೆ ರಬ್ಬರ್ ಸುಮ್ಮನೆ ತಗಡಿನ ಜೊತೆ ಹಿಗ್ಗಿ ಕುಗ್ಗುತ್ತೆ, ಶಕ್ತಿ ಅಷ್ಟಾಗಿ ಕಳೆಯಲ್ಲ.

ಇದಕ್ಕೆ ಇಡೀ ತಗಡನ್ನು ಮುಚ್ಚಬೇಕಾಗಿಲ್ಲ. ಜೋರಾಗಿ ಅಲ್ಲಾಡೋದು ಪ್ಯಾನೆಲ್‌ನ ನಡುಭಾಗ. ಅಂಚುಗಳು, ಮಡಿಕೆಗಳು ಆಗಲೇ ಗಟ್ಟಿಯಾಗಿರುತ್ತವೆ. ಕಾಲು ಭಾಗದಿಂದ ಅರ್ಧದಷ್ಟು ಮುಚ್ಚಿದ್ರೆ ಬಹುಪಾಲು ಲಾಭ ಸಿಕ್ಕಿಬಿಡುತ್ತೆ. ಬೆರಳ ಗೆಣ್ಣಿಂದ ತಟ್ಟುತ್ತಾ ಹೋಗಿ, ಠಣ್ ಅಂದಲ್ಲಿ ಒಂದು ತುಂಡು ಅಂಟಿಸಿ, ಟಪ್ ಅಂದ್ರೆ ಮುಂದಕ್ಕೆ ಹೋಗಿ.

ಆದ್ರೆ ಗಾಳಿಯಲ್ಲಿ ಬರೋ ಸದ್ದಿಗೆ ಡ್ಯಾಂಪಿಂಗ್ ಶೀಟಿನಿಂದ ಹೆಚ್ಚು ಪ್ರಯೋಜನ ಇಲ್ಲ. ಅದನ್ನ ತಡೆಯೋಕೆ ತೂಕ ಬೇಕು. ಮಾಸ್ ಲಾ ಪ್ರಕಾರ ಗೋಡೆಯ ತೂಕ ದುಪ್ಪಟ್ಟಾದ್ರೆ ಸುಮಾರು 6 ಡೆಸಿಬೆಲ್ ಹೆಚ್ಚು ತಡೆ. 0.8 ಮಿ.ಮೀ. ಉಕ್ಕಿನ ತಗಡು ಚದರ ಮೀಟರಿಗೆ ಹತ್ತಿರತ್ತಿರ 6.3 ಕೆ.ಜಿ. ಅದರ ಮೇಲೆ 5 ಕೆ.ಜಿ.ಯ ಭಾರದ ವಿನೈಲ್ ಶೀಟನ್ನು ನೇರವಾಗಿ ಅಂಟಿಸಿದ್ರೆ ಲೆಕ್ಕದಲ್ಲಿ ಸಿಗೋದು 5 ಡೆಸಿಬೆಲ್. ಅದೇ ಶೀಟನ್ನು 10 ಮಿ.ಮೀ. ಮೆದು ಫೋಮ್ ಮೇಲೆ ತೇಲೋ ಹಾಗೆ ಹಾಸಿದ್ರೆ ಎರಡು ಮಾಸ್, ನಡುವೆ ಒಂದು ಸ್ಪ್ರಿಂಗ್. ವೈಬ್ರೇಷನ್ಸ್ ಪೇಪರಿನಲ್ಲಿ ಬರೋ ಅದೇ ಕಥೆ. ನಡುವೆ ಇರೋದು ಬರೀ ಗಾಳಿ ಅಂದ್ಕೊಂಡು ಲೆಕ್ಕ ಹಾಕಿದ್ರೆ ಇದರ ರೆಸೊನೆನ್ಸ್ 360 ಹರ್ಟ್ಜ್ ಹತ್ತಿರ ಬರುತ್ತೆ. ಅದಕ್ಕಿಂತ ಸಾಕಷ್ಟು ಮೇಲಿನ ಸದ್ದಿಗೆ, ಅಂದ್ರೆ ಟೈರಿನ ಸುಯ್ಯಿ, ಗೇರ್‌ನ ಕೊರೆತಕ್ಕೆ, ಈ ಜೋಡಣೆ ಚೆನ್ನಾಗಿ ಕೆಲಸ ಮಾಡುತ್ತೆ. 360ರ ಆಸುಪಾಸಿನಲ್ಲಿ ಸ್ವಲ್ಪ ಕೆಡಬಹುದು. ಅದಕ್ಕೂ ಕೆಳಗೆ ವಿಶೇಷ ಲಾಭ ಇಲ್ಲ.

ಈ ತೂಕದ ಲೆಕ್ಕಕ್ಕಿಂತ ನಮ್ಮನ್ನು ಜಾಸ್ತಿ ಬೆಚ್ಚಿಬೀಳಿಸಿದ್ದು ತೂತಿನ ಲೆಕ್ಕ. ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯ ವಿಸ್ತೀರ್ಣದಲ್ಲಿ ಬರೀ 1% ತೂತಿದ್ರೆ ಸದ್ದಿನ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲು ನೇರವಾಗಿ ಒಳಗೆ ಬಂತು. ಅಂದ್ರೆ ಮಿಕ್ಕ 99%ಗೆ ಸೀಸದ ಗೋಡೆಯನ್ನೇ ಕಟ್ಟಿದ್ರೂ 20 ಡೆಸಿಬೆಲ್ ದಾಟೋ ಹಾಗಿಲ್ಲ! ಅರ್ಧ ಚದರ ಮೀಟರ್ ಗೋಡೆಯಲ್ಲಿ 1% ಅಂದ್ರೆ 50 ಚದರ ಸೆಂ.ಮೀ., ನಿಮ್ಮ ಅಂಗೈಗಿಂತ ಚಿಕ್ಕದು. ಸ್ಟೀರಿಂಗ್ ಕಾಲಮ್ ತೂರಿ ಬರೋ ಜಾಗ, ಪೆಡಲ್‌ಗಳ ಸುತ್ತ, ವೈರಿಂಗ್ ಗೊಂಚಲಿನ ಒಣಗಿ ಸೀಳಿದ ಗ್ರೊಮೆಟ್, ಯಾವತ್ತೋ ಯಾರೋ ಹಾರ್ನ್ ವೈರಿಗೆ ಅಂತ ಕೊರೆದ ತೂತು, ಎಲ್ಲ ಸೇರಿದ್ರೆ ಅಷ್ಟು ಆಗೇ ಆಗುತ್ತೆ. ಹಾಗಾಗಿ ಮೊದಲ ಖರ್ಚು ಶೀಟಿಗಲ್ಲ, ಗ್ರೊಮೆಟ್ಟಿಗೆ ಮತ್ತು ಬಾಗಿಲಿನ ಬೀಡಿಂಗ್ ರಬ್ಬರಿಗೆ. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದೂ ಅದೇ. ಬೆಂಗಳೂರಿನವರಾದ್ರೆ ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಸುತ್ತಿದ್ರೆ ಸಾಕು, ಹಳೆ ಗ್ರೊಮೆಟ್ ಕೈಯಲ್ಲಿ ಹಿಡ್ಕೊಂಡು ಹೋಗಿ.

ಇನ್ನು ಆ ಗುಂಯ್. ನಾಲ್ಕು ಸಿಲಿಂಡರ್, ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದ್ರೆ ಎರಡು ಸಲ ಫೈರಿಂಗ್. 3000 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 100. 100 ಹರ್ಟ್ಜ್ ಅಲೆಯ ಉದ್ದ 3.4 ಮೀಟರ್. ಫೋಮಿನಂಥ ವಸ್ತು ಸದ್ದನ್ನು ಚೆನ್ನಾಗಿ ಹೀರಬೇಕಾದ್ರೆ ಅಲೆಯ ಕಾಲು ಭಾಗದಷ್ಟು ದಪ್ಪ ಇರಬೇಕು, ಅಂದ್ರೆ 85 ಸೆಂ.ಮೀ. ಅಷ್ಟು ಫೋಮ್ ತುಂಬಿದ್ರೆ ಕೂರೋದೆಲ್ಲಿ? ಈ ಸದ್ದಿಗೆ ಮದ್ದು ಕಾರಿನ ಒಳಗಿಲ್ಲ. ಇಂಜಿನ್ ಮೌಂಟಿಂಗ್ ರಬ್ಬರ್ ಕೂತುಹೋಗಿದೆಯಾ, ಸೈಲೆನ್ಸರ್ ಪೈಪ್ ಎಲ್ಲಾದ್ರೂ ಬಾಡಿಗೆ ತಾಗ್ತಿದೆಯಾ, ನೇತುಹಾಕಿರೋ ರಬ್ಬರ್ ಹರಿದಿದೆಯಾ ಅಂತ ನೋಡಿ. ಮೊಟ್ಟೆ ಟ್ರೇ ಥರದ ಸ್ಟುಡಿಯೋ ಫೋಮನ್ನು ಕಾರಿನಲ್ಲಿ ಅಂಟಿಸಿರೋ ವಿಡಿಯೋಗಳನ್ನು ನೋಡಿ ಮರುಳಾಗ್ಬೇಡಿ.

ಶಾಖದ ವಿಷಯ

ಶಾಖದ ಸಾಮಾನಿನ ಅಂಗಡಿಯಲ್ಲಿ ಎಲ್ಲವೂ ಬೆಳ್ಳಗೆ ಮಿನುಗುತ್ತೆ. ಮಿನುಗೋದರ ಲಾಭ ಏನು ಅಂತ ಮಾತ್ರ ಯಾರೂ ಹೇಳಲ್ಲ. ಹೊಳೆಯೋ ಅಲ್ಯೂಮಿನಿಯಂನ ಎಮಿಸಿವಿಟಿ 0.1ಕ್ಕಿಂತ ಕಮ್ಮಿ, ಹಾಗಾಗಿ ವಿಕಿರಣದಿಂದ ಬರೋ ಶಾಖವನ್ನು ಅದು ಬಹುಪಾಲು ವಾಪಸ್ ಕಳಿಸುತ್ತೆ. ಆದ್ರೆ ಎದುರಿಗೆ ಗಾಳಿ ಇರಬೇಕು, ಅರ್ಧ ಇಂಚಾದ್ರೂ. ಫಾಯಿಲನ್ನು ತಗಡಿಗೂ ಕಾರ್ಪೆಟ್ಟಿಗೂ ನಡುವೆ ಒತ್ತಿಟ್ಟರೆ ಅದು ಕನ್ನಡಿ ಅಲ್ಲ, ಶಾಖ ಸರಾಗವಾಗಿ ದಾಟೋ ಇನ್ನೊಂದು ಲೋಹದ ಪದರ. ಅಲ್ಯೂಮಿನಿಯಂನ ಕಂಡಕ್ಟಿವಿಟಿ 200ರ ಮೇಲೆ, ಫೋಮಿನದು 0.04 ಆಸುಪಾಸು.

ಎಕ್ಸಾಸ್ಟ್ ಪೈಪನ್ನೇ ನೋಡಿ. ಅದರ ಮೈ 300 ಡಿಗ್ರಿ ಇದೆ ಅಂದ್ಕೊಳ್ಳಿ, ಕೆಲ್ವಿನ್‌ನಲ್ಲಿ 573. ಸ್ಟೆಫಾನ್-ಬೋಲ್ಟ್ಸ್‌ಮನ್ ಸೂತ್ರಕ್ಕೆ ಹಾಕಿದ್ರೆ ಆದರ್ಶ ಕಪ್ಪು ಮೈಯಿಂದ ಚದರ ಮೀಟರಿಗೆ 6 ಕಿಲೋವ್ಯಾಟ್ ದಾಟುತ್ತೆ. ನೆತ್ತಿ ಮೇಲಿನ ಸೂರ್ಯ ಕೊಡೋದು 1 ಕಿಲೋವ್ಯಾಟ್. ಪೈಪ್ ಸಣ್ಣದು, ಎಲ್ಲವೂ ಫ್ಲೋರಿಗೆ ಬಂದು ಬೀಳಲ್ಲ ನಿಜ, ಆದ್ರೂ ಪಾದದ ಕೆಳಗೆ ಯಾಕೆ ಸುಡುತ್ತೆ ಅಂತ ಅರ್ಥ ಆಯ್ತಲ್ಲ. ಇದಕ್ಕೆ ಒಳಗಡೆ ಎಷ್ಟು ಪದರ ಹಾಸಿದ್ರೂ ಅರ್ಧಂಬರ್ಧ. ಕಾರಿನ ಕೆಳಗೆ, ಪೈಪಿಗೂ ಫ್ಲೋರಿಗೂ ನಡುವೆ, ವಾಷರ್‌ಗಳ ಮೇಲೆ ಎತ್ತಿ ಕೂರಿಸಿದ ಒಂದು ತೆಳು ಅಲ್ಯೂಮಿನಿಯಂ ಶೀಲ್ಡ್ ಹಾಕಿದ್ರೆ ಶಾಖ ತಗಡಿಗೆ ಮುಟ್ಟೋ ಮೊದಲೇ ತಿರುಗುತ್ತೆ. ಒಳಗೆ ನೀರು ನಿಲ್ಲೋ ಚಿಂತೆಯೂ ಇಲ್ಲ. ನಮ್ಮ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಬುದ್ಧಿವಂತಿಕೆಯ ಖರ್ಚು ಇದು.

ಚಾವಣಿಗೆ ಬರೋಣ. ಬಿಸಿಲಲ್ಲಿ ನಿಂತ ತಗಡು 70 ಡಿಗ್ರಿ, ಒಳಗಿನ ಗಾಳಿ 40 ಅಂತ ಇಟ್ಕೊಂಡು ಹೀಟ್ ಟ್ರಾನ್ಸ್‌ಫರ್ ಲೆಕ್ಕ ಮಾಡಿದ್ವಿ. ಬರೀ ತಗಡಿದ್ರೆ ಚದರ ಮೀಟರಿಗೆ 190 ವ್ಯಾಟ್‌ನಷ್ಟು ಇಳಿಯುತ್ತೆ, 6 ಮಿ.ಮೀ. ಫೋಮ್ ಅಂಟಿಸಿದ್ರೆ 100ರೊಳಗೆ, ಹೆಚ್ಚುಕಮ್ಮಿ ಅರ್ಧ. ಗಾಜಿನಿಂದ ನೇರವಾಗಿ ಬರೋ ಬಿಸಿಲಿಗೆ ಮಾತ್ರ ಇದ್ಯಾವುದೂ ಸಂಬಂಧ ಇಲ್ಲ, ಅದಕ್ಕೆ ನೆರಳೇ ಮದ್ದು. ಇಲ್ಲಿ ಅಂಟು ಮುಖ್ಯ. ಬಿಟುಮೆನ್ ಆಧಾರದ ಅಗ್ಗದ ಶೀಟುಗಳು ಆ ಬಿಸಿಗೆ ಮೆತ್ತಗಾಗಿ ವಾಸನೆ ಹೊಡೆಯುತ್ತವೆ, ಚಾವಣಿಯಿಂದ ಕಳಚಿ ಬಟ್ಟೆಯ ಹೆಡ್‌ಲೈನಿಂಗ್ ಮೇಲೆ ಬೀಳೋದೂ ಉಂಟು. ಮೇಲ್ಗಡೆಗೆ ಬ್ಯುಟೈಲ್ ಮತ್ತು ಹಗುರ ಫೋಮ್ ಬಿಟ್ಟು ಬೇರೇನೂ ಬೇಡ.

ನೀರು

ಆ ಕಾಲದ ಕಾರುಗಳಲ್ಲಿ ಫ್ಲೋರ್ ಮೇಲೆ ಸೆಣಬಿನ ಫೆಲ್ಟ್ ಇರ್ತಿತ್ತು. ಸದ್ದಿಗೂ ಶಾಖಕ್ಕೂ ಅದು ನಿಜಕ್ಕೂ ಒಳ್ಳೆ ವಸ್ತು, ಅದನ್ನ ಬೈಯೋ ಹಾಗಿಲ್ಲ. ಆದ್ರೆ ಒಮ್ಮೆ ನೆನೆದ್ರೆ ವಾರಗಟ್ಟಲೆ ಒಣಗಲ್ಲ, ತಗಡಿಗೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ. ವಿಂಡ್‌ಶೀಲ್ಡ್ ರಬ್ಬರ್ ಸೋರುತ್ತೆ, ಮಳೆಯಲ್ಲಿ ಶೂ ಹಾಕ್ಕೊಂಡು ಹತ್ತುತ್ತೀವಿ, ನೀರು ಹೇಗಾದ್ರೂ ಬಂದೇ ಬರುತ್ತೆ. ಹಾಗಾಗಿ ಫ್ಲೋರಿಗೆ ಕ್ಲೋಸ್ಡ್ ಸೆಲ್ ಫೋಮ್, ಅಂದ್ರೆ ಪ್ರತಿ ಗುಳ್ಳೆಯೂ ಮುಚ್ಚಿರುವಂಥದ್ದು. ಪರೀಕ್ಷೆ ಸುಲಭ: ಒಂದು ತುಂಡನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಟ್ಟು ಬೆಳಗ್ಗೆ ಹಿಂಡಿ ನೋಡಿ. ನೀರು ಬಂದ್ರೆ ಆ ಫೋಮ್ ಸೀಟಿಗೆ ಸರಿ, ಫ್ಲೋರಿಗೆ ಅಲ್ಲ.

ಡ್ಯಾಂಪಿಂಗ್ ಶೀಟು ಪೂರ್ತಿ ಅಂಟಿದ್ರೆ ಅದರ ಕೆಳಗೆ ನೀರು ಹೋಗಲ್ಲ. ಒಂದು ಮೂಲೆ ಎದ್ದಿದ್ರೆ ಮಾತ್ರ ಒಳಗೆ ಸೇರಿದ ನೀರು ಹೊರಗೆ ಬರಲ್ಲ, ಮೇಲಿನಿಂದ ನಿಮಗೆ ಏನೂ ಕಾಣಲ್ಲ. ಅದಕ್ಕೇ ಮೊದಲು ತುಕ್ಕು ಪೂರ್ತಿ ಕೆರೆದು, ಪ್ರೈಮರ್, ಪೇಂಟ್ ಒಣಗಿ, ಆಮೇಲೆ ರೋಲರ್‌ನಿಂದ ಒತ್ತಿ ಕೂರಿಸಬೇಕು. ಫ್ಲೋರಿನ ರಬ್ಬರ್ ಪ್ಲಗ್‌ಗಳು, ಬೆಸುಗೆಯ ಜೋಡಣೆಗಳು, ಬಾಗಿಲಿನ ತಳದ ನೀರು ಹೋಗೋ ತೂತುಗಳು, ಇವನ್ನ ಮುಚ್ಚೋದೇ ಬೇಡ. ಫ್ಲೋರಿನಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗದಲ್ಲಿ ಒಂದು ಅಂಗೈ ಅಗಲ ತಗಡನ್ನು ಬರಿದೇ ಬಿಡಿ. ಡ್ಯಾಂಪಿಂಗ್ ತುಂಡುಗಳ ಮೇಲಿನ ಫೋಮ್, ವಿನೈಲ್, ಕಾರ್ಪೆಟ್ ಯಾವುದನ್ನೂ ಅಂಟಿಸಬೇಡಿ, ಸುಮ್ಮನೆ ಹಾಸಿ. ಅಂಗಡಿಯವರು "ಗಮ್ ಹಾಕಿದ್ರೆ ಫಿನಿಶಿಂಗ್ ಬರುತ್ತೆ" ಅಂತಾರೆ, ಬರುತ್ತೆ ಕೂಡ. ಆದ್ರೆ ಎತ್ತಿ ಒಣಗಿಸೋಕೆ ಬರಲ್ಲ.

ಊರಿಗೆ ತಕ್ಕಂತೆ ಆಯ್ಕೆ ಬದಲಾಗಬೇಕು. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳೋ ಮಂಗಳೂರಲ್ಲಿ ಕಾರು ಇರೋದಾದ್ರೆ ಕಾರ್ಪೆಟ್ಟೇ ಬೇಡ, ರಬ್ಬರ್ ಮ್ಯಾಟ್ ಸಾಕು, ಸ್ವಲ್ಪ ಸದ್ದು ಸಹಿಸಿಕೊಳ್ಳೋಣ. ಬೇಸಿಗೆಯಲ್ಲಿ 40 ಡಿಗ್ರಿ ದಾಟೋ ಕಲಬುರಗಿಯಲ್ಲಾದ್ರೆ ಮೊದಲ ದುಡ್ಡು ಚಾವಣಿಗೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಂತಲ್ಲೇ ನಿಲ್ಲೋ ಕಾರಿಗೆ ಇಂಜಿನ್ ಕಡೆಯ ಗೋಡೆ.

ಬೆಂಕಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಪ್ಯಾಕಿಂಗ್ ಫೋಮ್, ಥರ್ಮೊಕೋಲ್ ಕಾರಿನೊಳಗೆ ಬೇಡವೇ ಬೇಡ. ಕಾರಿನ ಒಳವಸ್ತುಗಳಿಗೆ ಅಮೆರಿಕದ ಎಫ್‌ಎಂವಿಎಸ್‌ಎಸ್ 302 ನಿಯಮದ ಮಿತಿ ಅಂದ್ರೆ ಜ್ವಾಲೆ ನಿಮಿಷಕ್ಕೆ 102 ಮಿ.ಮೀ.ಗಿಂತ ವೇಗವಾಗಿ ಹರಡಬಾರದು. ಆ ಪರೀಕ್ಷೆ ಪಾಸಾದ ವಸ್ತುವನ್ನೇ ಕೇಳಿ ತಗೊಳ್ಳಿ. ಹಳೆ ವೈರಿಂಗ್‌ನಲ್ಲಿ ಕೆಲವು ಸರ್ಕ್ಯೂಟುಗಳಿಗೆ ಫ್ಯೂಸೇ ಇರಲ್ಲ. ಕತ್ತರಿಸಿದ ಫಾಯಿಲ್ ಅಂಚು ಬ್ಲೇಡಿನ ಹಾಗೆ ಇರುತ್ತೆ, ವಿದ್ಯುತ್ತೂ ಹರಿಯುತ್ತೆ, ವೈರುಗಳಿಂದ ದೂರ ಇಡಿ. ಇಂಜಿನ್ ಗೋಡೆಯ ಮೇಲೆ ಬೂದು ಬಣ್ಣದ ಹಳೆ ರಟ್ಟಿನಂಥದ್ದು ಸಿಕ್ಕಿದ್ರೆ ಒಣಗಿದ ಹಾಗೇ ಕೆರೀಬೇಡಿ, ಆ ಕಾಲದಲ್ಲಿ ಆಸ್ಬೆಸ್ಟಾಸ್ ಬಳಕೆ ಸಾಮಾನ್ಯ ಆಗಿತ್ತು.

ಗೆಳೆಯನ ಮನೆಗೆ ನಾವು ಬರೆದುಕೊಟ್ಟಿದ್ದು ಇಷ್ಟು: ಗ್ರೊಮೆಟ್, ಬೀಡಿಂಗ್, ಇಂಜಿನ್ ಮೌಂಟಿಂಗ್ ಮೊದಲು. ಬಾಗಿಲು, ಚಾವಣಿ, ಫ್ಲೋರ್ ಸೇರಿ ಒಂದೂವರೆ ಚದರ ಮೀಟರ್ ಬ್ಯುಟೈಲ್, ತುಂಡು ತುಂಡಾಗಿ. ಇಂಜಿನ್ ಗೋಡೆ ಮತ್ತು ಮುಂದಿನ ಫ್ಲೋರಿಗೆ ಮಾತ್ರ ಫೋಮ್ ಮೇಲೆ ವಿನೈಲ್, ಅದೂ ಒಂದೂವರೆ ಚದರ ಮೀಟರ್. ಚಾವಣಿಗೆ 6 ಮಿ.ಮೀ. ಫೋಮ್, ಕೆಳಗೆ ಶೀಲ್ಡ್. ಒಟ್ಟು ತೂಕ 13 ಕೆ.ಜಿ. ಆಸುಪಾಸು, ಮನೆಯ ಒಂದು ಸಿಲಿಂಡರಿನಲ್ಲಿ ಬರೋ ಗ್ಯಾಸಿಗಿಂತ ಸ್ವಲ್ಪ ಕಮ್ಮಿ. 1089 ಸಿಸಿ ಇಂಜಿನ್ನಿಗೆ ಇದು ಭಾರ ಆಗಲ್ಲ.

ಎಷ್ಟು ಕಮ್ಮಿ ಆಯ್ತು ಅಂತ ಫೋನಿನ ಆ್ಯಪ್‌ನಲ್ಲಿ ಅಳೆಯೋರಿಗೆ: ಮೊದಲೂ ಆಮೇಲೂ ಅದೇ ರಸ್ತೆ, ಅದೇ ಸ್ಪೀಡ್, ಅದೇ ಗೇರ್, ಕಿಟಕಿ ಮುಚ್ಚಿರಲಿ. ಡಿಬಿ-ಎ ಅಳತೆ ಕೆಳಗಿನ ಫ್ರೀಕ್ವೆನ್ಸಿಗಳನ್ನು ಲೆಕ್ಕಕ್ಕೆ ಕಮ್ಮಿ ಹಿಡಿಯುತ್ತೆ, ಆ ಗುಂಯ್ ಅದರಲ್ಲಿ ಸರಿಯಾಗಿ ಕಾಣಲ್ಲ. ಸಿ ಅಥವಾ ಝಡ್ ವೇಯ್ಟಿಂಗ್ ಇದ್ರೆ ಅದನ್ನೂ ಬರೆದಿಟ್ಕೊಳ್ಳಿ. ಮೊದಲ ಜೋರು ಮಳೆಯ ಮಾರನೇ ದಿನ ಕಾರ್ಪೆಟ್ ಎತ್ತಿ, ಬರಿದೇ ಬಿಟ್ಟ ಆ ತಗ್ಗಿನ ಜಾಗದ ಮೇಲೆ ಟಿಶ್ಯೂ ಒತ್ತಿ ನೋಡಿ. ಒದ್ದೆ ಆದ್ರೆ ಮೊದಲು ಹುಡುಕಬೇಕಾದ್ದು ವಿಂಡ್‌ಶೀಲ್ಡ್ ರಬ್ಬರಿನ ಕೆಳಗಿನ ಎರಡು ಮೂಲೆಗಳನ್ನ.