ಡೊಳ್ಳಿನ ಮಗ್ಗುಲಲ್ಲಿ ಹಾಡುವವರ ಮೈಕು

ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದ ಕಡೆ ಊರ ಜಾತ್ರೆ ಅಂದರೆ ರಾತ್ರಿ ಪದ ಇರಬೇಕು. ಬೀರಲಿಂಗ, ಮಾಳಿಂಗರಾಯರ ಕತೆ ಹೇಳುವ ಡೊಳ್ಳಿನ ಪದವಾಗಲಿ, ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ವಾದಕ್ಕಿಳಿಯುವ ಹರದೇಶಿ-ನಾಗೇಶಿ ಗೀಗೀ ಪದವಾಗಲಿ, ಎರಡು ಮೇಳಗಳು ಎದುರುಬದುರಾಗಿ ಹಾಡುತ್ತವೆ. ಒಂದು ಮೇಳ ಪದದಲ್ಲೇ ಸವಾಲು ಹಾಕಿದರೆ ಇನ್ನೊಂದು ಪದದಲ್ಲೇ ಉತ್ತರ ಕೊಡಬೇಕು. ಹೀಗಾಗಿ ಇಲ್ಲಿ ಬರೀ ದನಿ ಕೇಳಿಸಿದರೆ ಸಾಲದು. ಹಿಂದೆ ಕಂಬಳಿ ಹೊದ್ದು ಕೂತವರಿಗೂ ಒಂದೊಂದು ಮಾತು ಬಿಡಿಬಿಡಿಯಾಗಿ ಮುಟ್ಟಬೇಕು. ಹಾಡುವವರ ಮಗ್ಗುಲಲ್ಲೇ ಡೊಳ್ಳೋ ದಪ್ಪೋ ಗುಡುಗುತ್ತಿರುತ್ತದೆ. ಅವರ ಒಂದು ಕೈ ಕಿವಿಯ ಮೇಲೆ, ಇನ್ನೊಂದರಲ್ಲಿ ಮೈಕು.

ಆ ಕೈಮೈಕನ್ನು ಆರಿಸುವುದು ಮೈಕ್‌ಸೆಟ್ಟಿನವರ ಕಸುಬಿನಲ್ಲಿ ದೊಡ್ಡ ಜಾಣ್ಮೆ ಬೇಡುವ ಕೆಲಸ. ಸಣ್ಣ ಸದ್ದನ್ನೂ ಹಿಡಿಯುವ ಮೈಕೇ ಒಳ್ಳೆಯದು ಎಂದು ಹೊರಗಿನವರಿಗೆ ಅನ್ನಿಸೀತು. ವೇದಿಕೆಯ ಮೈಕಿನ ಹೆಚ್ಚುಗಾರಿಕೆ ಇರುವುದು ಅದು ಏನನ್ನು ಕೇಳದೆ ಬಿಡುತ್ತದೆ ಎಂಬುದರಲ್ಲಿ.

ಮೊದಲು ಮೈಕಿನ ಒಳಗನ್ನು ನೋಡಬೇಕು. ವೇದಿಕೆಗೆ ಬಳಸುವ ಹೆಚ್ಚಿನ ಕೈಮೈಕುಗಳು ಡೈನಾಮಿಕ್ ಜಾತಿಯವು. ಜಾಳಿಗೆಯ ಗುಂಡಿನ ಕೆಳಗೆ ತೆಳುವಾದ ಪ್ಲಾಸ್ಟಿಕ್ ಪೊರೆ, ಅದರ ಬೆನ್ನಿಗೆ ಅಂಟಿಸಿದ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ, ಇಷ್ಟೇ. ದನಿಯ ಗಾಳಿ ಪೊರೆಯನ್ನು ಅಲುಗಿಸುತ್ತದೆ, ಸುರುಳಿ ಅಯಸ್ಕಾಂತದ ನಡುವೆ ಹಿಂದೆ ಮುಂದೆ ಆಡುತ್ತದೆ, ತಂತಿಯಲ್ಲಿ ಕೆಲವೇ ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಇದಕ್ಕೆ ಹೊರಗಿನ ಕರೆಂಟ್ ಬೇಡ. ಧೂಳು ತಿಂದರೂ, ಕಟ್ಟೆಯ ಮೇಲಿಂದ ಬಿದ್ದರೂ ಸಾಮಾನ್ಯವಾಗಿ ಕೆಡುವುದಿಲ್ಲ. ಸ್ಟುಡಿಯೋದಲ್ಲಿ ಮೆರೆಯುವ ಕಂಡೆನ್ಸರ್ ಮೈಕು ಇನ್ನೂ ಸೂಕ್ಷ್ಮ. ಅದಕ್ಕೆ ಮಿಕ್ಸರಿನಿಂದ 48 ವೋಲ್ಟ್ ಕೊಡಬೇಕು. ಪಿಸುಮಾತನ್ನೂ ಬಿಡದೆ ಹಿಡಿಯುತ್ತದೆ. ಅದೇ ಸೂಕ್ಷ್ಮತೆ ಪದದ ವೇದಿಕೆಯಲ್ಲಿ ಡೊಳ್ಳನ್ನೂ ಜನರೇಟರಿನ ಸದ್ದನ್ನೂ ಎಳೆದು ತರುತ್ತದೆ.

ಇನ್ನು ದಿಕ್ಕಿನ ಮಾತು. ಒಳ್ಳೆಯ ಕೈಮೈಕು ಎದುರಿನ ದನಿಯನ್ನು ಪೂರ್ತಿ ತೆಗೆದುಕೊಂಡು ಬೆನ್ನ ಹಿಂದಿನದನ್ನು ಬಿಡುತ್ತದೆ. ಇದಕ್ಕೆ ಅದರಲ್ಲಿ ಯಾವ ಅಡ್ಡಗೋಡೆಯೂ ಇಲ್ಲ. ಪೊರೆಯ ಹಿಂಬದಿಗೆ, ಗುಂಡಿನ ಬುಡದಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಹಿಂದಿನಿಂದ ಬಂದ ಸದ್ದು ಸುತ್ತು ಹಾಕಿ ಪೊರೆಯ ಮುಂಭಾಗ ತಲಪುವುದಕ್ಕೆ ಎಷ್ಟು ಹೊತ್ತೋ, ಕಿಂಡಿಯೊಳಗೆ ಹೊಕ್ಕು ಪೊರೆಯ ಹಿಂಭಾಗ ತಲಪುವುದಕ್ಕೂ ಅಷ್ಟೇ ಹೊತ್ತು ಹಿಡಿಯುವಂತೆ ಒಳದಾರಿಯನ್ನು ರೂಪಿಸಿರುತ್ತಾರೆ. ಬಾಗಿಲನ್ನು ಎರಡೂ ಕಡೆಯಿಂದ ಸಮನಾಗಿ ತಳ್ಳಿದಂತೆ, ಪೊರೆ ಅಲುಗುವುದೇ ಇಲ್ಲ. ಸದ್ದು ತನ್ನನ್ನು ತಾನೇ ಅಳಿಸಿಕೊಳ್ಳುವ ಈ ಉಪಾಯವನ್ನು ಒಂದೇ ಪೊರೆಯಲ್ಲಿ ಸಾಧಿಸಿದವರು ಅಮೆರಿಕದ ಶ್ಯೂರ್ ಕಂಪನಿಯ ಎಂಜಿನಿಯರ್ ಬೆಂಜಮಿನ್ ಬಾವರ್. ಅವರ ಯುನಿಡೈನ್ ಮೈಕು 1939ರಲ್ಲಿ ಬಂತು. ಅದೇ ಮನೆಯ ಅರ್ನೆಸ್ಟ್ ಸೀಲರ್ ಆ ಕೆಲಸವನ್ನು ಮುಂದುವರಿಸಿದರು. 1966ರಲ್ಲಿ ಎಸ್‌ಎಂ 58 ಹೊರಬಂತು. ಆ ದುಂಡುತಲೆಯ ರೂಪ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ನಮ್ಮ ಊರುಗಳಲ್ಲಿ ಆಹುಜಾ ಹೆಸರಿನ ಮೈಕುಗಳೇ ಹೆಚ್ಚು ಕಂಡರೂ ಅವುಗಳಲ್ಲಿ ಬಹಳಷ್ಟರ ಒಳಗಿನ ತತ್ವ ಇದೇ.

ಹೀಗೆ ಹಿಂದಿನದನ್ನು ಬಿಡುವ ಮೈಕಿಗೆ ಕಾರ್ಡಿಯಾಯ್ಡ್ ಎನ್ನುತ್ತಾರೆ. ಸೂಪರ್‌ಕಾರ್ಡಿಯಾಯ್ಡ್ ಎಂಬ ಇನ್ನೊಂದು ಬಗೆ ಅಕ್ಕಪಕ್ಕದ ಸದ್ದನ್ನು ಇನ್ನೂ ಕಡಿಮೆ ಹಿಡಿಯುತ್ತದೆ, ಆದರೆ ನೇರ ಹಿಂದೆ ಅದಕ್ಕೆ ಸಣ್ಣದೊಂದು ಕಿವಿ ಇರುತ್ತದೆ. ಅದು ತೀರಾ ಕಿವುಡಾಗುವುದು ಎದುರಿನಿಂದ ಸುಮಾರು 126 ಡಿಗ್ರಿಯಲ್ಲಿ, ಅಂದರೆ ಹಿಂದಿನ ಎರಡು ಓರೆಗಳಲ್ಲಿ. ಹಾಡುವವರಿಗೆ ತಮ್ಮ ದನಿ ಕೇಳಲೆಂದು ನೆಲದ ಮೇಲಿಡುವ ಮಾನಿಟರ್ ಬಾಕ್ಸು ಮೊದಲನೆಯದಕ್ಕೆ ಮೈಕಿನ ಬಾಲದ ನೇರಕ್ಕಿರಬೇಕು, ಎರಡನೆಯದಕ್ಕೆ ಓರೆಯಲ್ಲಿರಬೇಕು. ಮೈಕು ಬದಲಿಸಿ ಬಾಕ್ಸನ್ನು ಇದ್ದಲ್ಲೇ ಬಿಟ್ಟರೆ ಕುಂಯ್ ಎನ್ನುವ ಸೀಟಿ ಏಳುತ್ತದೆ.

ಪದದ ವೇದಿಕೆಯಲ್ಲಿ ಇದಕ್ಕಿಂತ ನಾಜೂಕಾದ ಸಂಗತಿಯೊಂದಿದೆ. ಕೈಯಲ್ಲಿ ಹಿಡಿದ ಮೈಕಿನ ಮುಖ ಹಾಡುವವರ ಬಾಯಿಯ ಕಡೆಗಿರುತ್ತದೆ. ಅಂದರೆ ಅವರ ಬೆನ್ನ ಹಿಂದೆ ನಿಂತ ಡೊಳ್ಳಿನ ಕಡೆಗೂ ಅದೇ ಮುಖ. ಎಷ್ಟೇ ಬೆಲೆಯ ಮೈಕಾದರೂ ಅಲ್ಲಿ ದಿಕ್ಕಿನ ಜಾಣ್ಮೆ ನಡೆಯುವುದಿಲ್ಲ. ಡೊಳ್ಳಿನವರು ಹಾಡುವವರ ಎದುರಿಗೆ ಬಂದು ನಿಂತರೆ ಮೈಕಿನ ಬಾಲ ಅವರ ಕಡೆ ತಿರುಗುತ್ತದೆ. ಮೇಳದ ಪದ್ಧತಿ ಅದಕ್ಕೆ ಒಪ್ಪದಿದ್ದರೆ ಉಳಿಯುವುದು ದೂರದ ಲೆಕ್ಕ ಒಂದೇ. ಬಾಯಿಯಿಂದ 1 ಇಂಚಿನಲ್ಲಿದ್ದ ಮೈಕನ್ನು 4 ಇಂಚಿಗೆ ಸರಿಸಿದರೆ ದನಿಯ ಒತ್ತಡ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. 4 ಅಡಿ ಆಚೆಗಿರುವ ಡೊಳ್ಳಿನದು ಅಷ್ಟಕ್ಕಷ್ಟೇ. ಆಗ ದನಿ ಸಾಲದೆಂದು ಮಿಕ್ಸರಿನಲ್ಲಿ ಏರಿಸಿದರೆ ಡೊಳ್ಳೂ ಜೊತೆಗೇ ಏರುತ್ತದೆ.

ತುಟಿಗೆ ಹತ್ತಿರ ಹಿಡಿದರೆ ಇನ್ನೊಂದು ಪರಿಣಾಮ. ದಿಕ್ಕು ನೋಡಿ ಕೇಳುವ ಮೈಕುಗಳಲ್ಲಿ ಬಾಯಿ ಸಮೀಪವಾದಷ್ಟೂ ದಪ್ಪ ಸ್ವರ ಉಬ್ಬುತ್ತದೆ. ಗಂಡುದನಿ ಗವಿಯೊಳಗಿಂದ ಬಂದಂತಾಗಿ ಮಾತು ಮುಳುಗೀತು. ಅದಕ್ಕಾಗಿ ಒಳ್ಳೆಯ ವೇದಿಕೆ ಮೈಕುಗಳನ್ನು ದಪ್ಪ ಸ್ವರ ತಾನಾಗಿ ತಗ್ಗುವಂತೆ, ವ್ಯಂಜನಗಳು ಸ್ಫುಟವಾಗುವ ಕೆಲವು ಸಾವಿರ ಹರ್ಟ್ಸಿನ ಸ್ವರ ತುಸು ಏರುವಂತೆ ಮಾಡಿರುತ್ತಾರೆ. ಸವಾಲಿನ ಪದಕ್ಕೆ ಬೇಕಾದದ್ದು ಈ ಗುಣವೇ. ಇಂಪಿಗಿಂತ ಸ್ಪಷ್ಟತೆ ಮುಂದಿರಬೇಕೆಂದು ನನಗೂ ಅನ್ನಿಸುತ್ತದೆ. ಪ, ಫ, ಭ ಉಚ್ಚರಿಸುವಾಗ ಬಾಯಿಂದ ಚಿಮ್ಮುವ ಗಾಳಿಯನ್ನು ಜಾಳಿಗೆಯೊಳಗಿನ ಸ್ಪಂಜು ಒಡೆಯುತ್ತದೆ. ಅದು ಸಾಲದಿದ್ದರೆ ಮೈಕನ್ನು ತುಟಿಯ ಮೂಲೆಗೆ ಓರೆಯಾಗಿ ಹಿಡಿಯುವ ಅಭ್ಯಾಸ ಬೇಕು.

ಹಿಡಿತವೂ ಆಯ್ಕೆಯಷ್ಟೇ ಮುಖ್ಯ. ಹುರುಪಿನಲ್ಲಿ ಹಾಡುವವರು ಗುಂಡನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಬುಡದ ಕಿಂಡಿಗಳು ಮುಚ್ಚಿದ ಕೂಡಲೇ ಹಿಂದಿನ ಸದ್ದು ಅಳಿಯುವ ಉಪಾಯವೇ ಕೈಬಿಡುತ್ತದೆ, ಮೈಕು ಎಲ್ಲ ದಿಕ್ಕಿಗೂ ಕಿವಿಯಾಗುತ್ತದೆ, ಸೀಟಿ ಶುರುವಾಗುತ್ತದೆ. ಕೈಯ ಉಜ್ಜಾಟ ಬಾಕ್ಸಿನಲ್ಲಿ ಕೇಳದಂತೆ ತಡೆಯಲು ಮೈಕಿನ ಜೀವಭಾಗವನ್ನು ಒಳಗೆ ಮೆತ್ತಗಿನ ಆಧಾರದ ಮೇಲೆ ಕೂರಿಸಿರಬೇಕು. ತೂಕದಲ್ಲಿ ಇದರ ಸುಳಿವು ಸಿಗುತ್ತದೆ. ಎಸ್‌ಎಂ 58ರ ತೂಕ 298 ಗ್ರಾಂ. ಅದೇ ಹೆಸರಿನ ಡುಪ್ಲಿಕೇಟ್ ಮಾಲು ಪೇಟೆಯಲ್ಲಿ ಬೇಕಾದಷ್ಟಿರುವುದರಿಂದ ತಕ್ಕಡಿಗೆ ಹಾಕಿ ನೋಡುವುದು ಒಳ್ಳೆಯದು. ಸ್ವಿಚ್ ಇರುವ ಮೈಕು ಭಾಷಣಕ್ಕೆ ಅನುಕೂಲ. ರಾತ್ರಿಯಿಡೀ ಹಾಡುವವರ ಹೆಬ್ಬೆರಳಿಗೆ ಸಿಕ್ಕಿ ನಡುವೆ ಆಫ್ ಆಗುವ ಭಯವಿರುವುದರಿಂದ ಪದಕ್ಕೆ ಸ್ವಿಚ್ ಇಲ್ಲದ್ದೇ ವಾಸಿ.

ವಾಯರಿನ ಕಡೆಯೂ ಕಣ್ಣಿರಬೇಕು. ಮೂರು ಪಿನ್ನಿನ ವಾಯರಿನಲ್ಲಿ ಒಂದೇ ದನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ತಿರುವುಮುರುವಾಗಿ ಹರಿಯುತ್ತದೆ. ದಾರಿಯಲ್ಲಿ ಸೇರುವ ಕರೆಂಟಿನ ಗುಂಯ್‌ಗಾಟ ಎರಡರಲ್ಲೂ ಒಂದೇ ಥರ ಇರುತ್ತದೆ. ಮಿಕ್ಸರು ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಹೋಗಿ ದನಿ ಉಳಿಯುತ್ತದೆ. ಹಳೆಯ ಒಂಟಿ ಜ್ಯಾಕಿನ ಮೈಕಿಗೆ ಈ ಅನುಕೂಲವಿಲ್ಲ. ವಾಯರು ಉದ್ದವಾದಷ್ಟೂ ಗದ್ದಲ ಸೇರುತ್ತದೆ, ಚೂಪು ಸ್ವರ ಸೋರಿಹೋಗುತ್ತದೆ. ಕಾರ್ಡ್‌ಲೆಸ್ಸಿನಲ್ಲಿ ವಾಯರಿನ ತಾಪತ್ರಯವಿಲ್ಲ, ಸೆಲ್ಲಿನ ಕಾವಲು ಬೇಕು.

ಅಂಗಡಿಯಲ್ಲಿ ಹಲೋ ಹಲೋ ಎಂದು ನೋಡಿದರೆ ಎಲ್ಲ ಮೈಕೂ ಚಂದವೇ. ನಿಜವಾದ ಪರೀಕ್ಷೆ ಆಗುವುದು ಸಂಜೆ, ಕಟ್ಟೆಯ ಮೇಲೆ. ಮೈಕು ಹಿಡಿದವರು ಬಾಯಿ ತೆರೆಯಬಾರದು, ಡೊಳ್ಳಿನವರು ಪೂರಾ ಬಿರುಸಿನಲ್ಲಿ ಬಾರಿಸಬೇಕು, ಮೈಕ್‌ಸೆಟ್ಟಿನವರು ಬಯಲಿನ ತುದಿಯಲ್ಲಿ ನಿಂತು ಬಾಕ್ಸಿನಿಂದ ಡೊಳ್ಳು ಎಷ್ಟು ಬರುತ್ತಿದೆ ಎಂದು ಆಲಿಸಬೇಕು. ಒಂದೊಂದೇ ಮೈಕನ್ನು ಹೀಗೆ ನೋಡಿ, ಡೊಳ್ಳನ್ನು ಎಲ್ಲಕ್ಕಿಂತ ಕಡಿಮೆ ತಂದದ್ದನ್ನು ಮುಂದೆ ಹಾಡುವವರ ಕೈಗೆ ಕೊಡುತ್ತಾರೆ, ಉಳಿದವು ಹಿಮ್ಮೇಳಕ್ಕೆ.