ಕೆಂಪು ಮಾತ್ರೆ, ಗ್ಲೂಕೋಸ್ ಬಾಟಲಿ, ಕೊಳವೆಬಾವಿ ನೀರು

ಆಶಾ ಕಾರ್ಯಕರ್ತೆ ಪುಕ್ಕಟೆ ಕೊಟ್ಟ ಕಬ್ಬಿಣದ ಕೆಂಪು ಮಾತ್ರೆ ಗೂಡಿನಲ್ಲಿ ಧೂಳು ಹಿಡಿಯುತ್ತದೆ. ದುಡ್ಡು ಕೊಟ್ಟು ತಂದ ಟಾನಿಕ್ ಮಾತ್ರ ವಾರದಲ್ಲಿ ಖಾಲಿ. ಚಿಕ್ಕಬಳ್ಳಾಪುರ ಸೀಮೆಯ ನಾವು ನಂಬಿಕೊಂಡು ಬಂದ ಕೆಲವು ಮಾತುಗಳು ಇವು.

ತಪ್ಪು ಕಲ್ಪನೆ: ಬಸುರಿಯರು ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಗೆ ಹುಟ್ಟುತ್ತದೆ.

ವಾಸ್ತವ: ಕಪ್ಪಾಗುವುದು ಮಲ, ಮಗುವಲ್ಲ. ಕರುಳು ಹೀರದೆ ಬಿಟ್ಟ ಕಬ್ಬಿಣದ ಬಣ್ಣ ಅದು; ಅಪಾಯವಿಲ್ಲ. ಮಗುವಿನ ಮೈಬಣ್ಣ ಬರುವುದು ಅಪ್ಪ ಅಮ್ಮನಿಂದ. ಒಂದೊಂದು ಮಾತ್ರೆಯಲ್ಲೂ 60 ಮಿ.ಗ್ರಾಂ. ಕಬ್ಬಿಣವಿದೆ, ಜತೆಗೆ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ವಾಕರಿಕೆ, ಮಲಬದ್ಧತೆ ಮಾತ್ರ ಸುಳ್ಳಲ್ಲ. ರಾತ್ರಿ ಊಟದ ನಂತರ ನುಂಗಿದರೆ ವಾಕರಿಕೆ ತಗ್ಗುತ್ತದೆ. ಕಾಫಿ, ಟೀ ಜತೆ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ಮಸ್ಸೊಪ್ಪು ಸಾಲದೇ ಎಂದರೆ, ರಕ್ತಹೀನತೆ ಬಂದವರಿಗೆ ಅದೊಂದೇ ಸಾಲದು. ಉಣ್ಣುವಾಗ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣ ಇನ್ನಷ್ಟು ದಕ್ಕುತ್ತದೆ.

ತಪ್ಪು ಕಲ್ಪನೆ: ಮಂಡಿ, ಸೊಂಟ ಹಿಡಿದುಕೊಂಡರೆ ಕ್ಯಾಲ್ಸಿಯಂ ಕಮ್ಮಿಯಾಗಿದೆ ಎಂದೇ ಅರ್ಥ.

ವಾಸ್ತವ: ಕಾರಣ ಹಲವು; ನಮ್ಮಲ್ಲಿ ನೀರನ್ನೂ ಅನುಮಾನಿಸಬೇಕು. ಗೌರಿಬಿದನೂರು, ಚಿಂತಾಮಣಿ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ಮಿತಿ ದಾಟಿದೆ. ಅದನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ವರ್ಷಗಟ್ಟಲೆ ಕುಡಿದವರ ಕೀಲು, ಬೆನ್ನು ಬಿಗಿಯುತ್ತದೆ. ರಾಗಿ, ಹಾಲು ಬೇಕೇ ಬೇಕು. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿ.ಗ್ರಾಂ. ಕ್ಯಾಲ್ಸಿಯಂ ಇದೆ. ಆದರೆ ಅದೇ ನೀರು ಕುಡಿಯುತ್ತಾ ಬರೀ ಮಾತ್ರೆ ನಂಬಿ ಕೂತರೆ ಆಗದು. ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನು ಕುಡಿಯುವುದಕ್ಕಷ್ಟೇ ಮೀಸಲಾದರೆ ಸಾಲದು, ಮುದ್ದೆ ಸಾರಿಗೂ ಅದನ್ನೇ ಬಳಸಬೇಕು.

ತಪ್ಪು ಕಲ್ಪನೆ: ಸುಸ್ತಾದಾಗ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡರೆ ಶಕ್ತಿ ಬರುತ್ತದೆ.

ವಾಸ್ತವ: ಶೇ. 5ರ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಐದಾರು ಚಮಚ, ಅಷ್ಟೇ! ವಾಂತಿಭೇದಿಯಾಗಿ ನಿತ್ರಾಣವಾದವರಿಗೆ ಡ್ರಿಪ್ ಬೇಕಾಗಬಹುದು, ಆ ಮಾತು ಬೇರೆ. ಶಿಡ್ಲಘಟ್ಟದಲ್ಲಿ ದಿನವಿಡೀ ಬಿಸಿನೀರಿನ ಮುಂದೆ ರೇಷ್ಮೆ ನೂಲು ತೆಗೆಯುವ ಹೆಂಗಸಿಗೆ ಕೂಲಿ ದುಡ್ಡನ್ನೆಲ್ಲ ಬಾಟಲಿಗೆ ಸುರಿಯುವ ಬದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಲೇಸು. ಬಸುರಿಯಲ್ಲದ ಹೆಂಗಸರಲ್ಲಿ ಅದು ಡೆಸಿಲೀಟರಿಗೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ.

ತಪ್ಪು ಕಲ್ಪನೆ: ವಿಟಮಿನ್ ಹೆಚ್ಚಾದರೂ ತೊಂದರೆಯಿಲ್ಲ.

ವಾಸ್ತವ: ಬಿ, ಸಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತವೆ. ಎ, ಡಿ ಹಾಗಲ್ಲ, ಮೈಯಲ್ಲೇ ಕೂಡಿಬೀಳುತ್ತವೆ. 60,000 ಯೂನಿಟ್ಟಿನ ಡಿ ಪುಡಿಯನ್ನು ಸಾಮಾನ್ಯವಾಗಿ ಬರೆದುಕೊಡುವುದು ವಾರಕ್ಕೊಂದು. ದಿನಾ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡಬಹುದು. ದಿನಕ್ಕೋ ವಾರಕ್ಕೋ ಎಂಬುದನ್ನು ಕವರಿನ ಮೇಲೆ ಕನ್ನಡದಲ್ಲಿ ಬರೆಸಿಕೊಂಡೇ ಮೆಡಿಕಲ್ ಸ್ಟೋರಿನಿಂದ ಹೊರಡಿ.