ಪ್ರದರ್ಶನದ ಸ್ಟೀರಿಯೋಗೆ ಕಳ್ಳಗಂಟೆ

ಉತ್ತರಹಳ್ಳಿಯಲ್ಲಾಗಲಿ, ಜೆ.ಸಿ. ರಸ್ತೆಯಲ್ಲಾಗಲಿ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಸ್ಟೀರಿಯೋ ಸೆಟ್ಟುಗಳನ್ನು ಹಲಗೆಯ ಮೇಲೆ ಸಾಲಾಗಿ ಜೋಡಿಸಿರುವುದನ್ನು ನೀವು ನೋಡಿರಬಹುದು. ಗ್ರಾಹಕರು ಸ್ವಿಚ್ಚು ಬದಲಿಸಿ ಕೇಳಬೇಕು, ಕಳ್ಳ ಕಿತ್ತೊಯ್ಯಬಾರದು.

ಸ್ವಿಚ್ಚಿನ ವಿಷಯ ಸುಲಭ. ಈಗಿನ ಬಹುತೇಕ ಸೆಟ್ಟುಗಳಲ್ಲಿ ಸ್ಪೀಕರಿನ ಋಣ ತಂತಿಯನ್ನು ಬ್ಯಾಟರಿಯ ಋಣಕ್ಕೆ ಸೇರಿಸುವಂತಿಲ್ಲ. ಸೇರಿಸಿದರೆ ಆಂಪ್ಲಿಫೈಯರ್ ಹಾಳಾಗಬಹುದು. ಆದ್ದರಿಂದ ಎರಡೂ ತಂತಿಗಳನ್ನು ಒಟ್ಟಿಗೆ ಬದಲಿಸುವ ಸ್ವಿಚ್ಚೇ ಬೇಕು.

ಕಳ್ಳಗಂಟೆ ಹಾಗಲ್ಲ. ಸೆಟ್ಟು ಕದಲಿದಾಗ ಸ್ವಿಚ್ಚು ಕೂಡಿಕೊಂಡು ಗಂಟೆ ಬಾರಿಸುವ ಏರ್ಪಾಡು ಎಲ್ಲರಿಗೂ ಮೊದಲು ಹೊಳೆಯುತ್ತದೆ. ತಂತಿ ಕತ್ತರಿಸಿದರೆ ಅದು ಮೂಕ! ಬದಲಿಗೆ ಸದಾ ಕೊಂಚ ವಿದ್ಯುತ್ತು ಹರಿಯುವ ಮಂಡಲವಿರಲಿ. ಹರಿವು ನಿಂತರೆ ಗಂಟೆ. ಆದರೆ ಜಾಣ ಕಳ್ಳ ಎರಡು ತಂತಿಗಳ ಹೊದಿಕೆ ಸುಲಿದು ಒಂದಕ್ಕೊಂದು ಸೇರಿಸಿ, ಆಮೇಲೆ ಕತ್ತರಿಸಿದರೆ? ಹರಿವು ನಿಲ್ಲುವುದಿಲ್ಲ.

ಇಲ್ಲಿ ಓಮನ ನಿಯಮ ನೆರವಿಗೆ ಬರುತ್ತದೆ. 12 ವೋಲ್ಟ್ ಬ್ಯಾಟರಿಯ ಧನ ಧ್ರುವದಿಂದ 10 ಕಿಲೋಓಮ್ ರೋಧಕವೊಂದು ಗಂಟೆಯ ಪೆಟ್ಟಿಗೆಯಲ್ಲಿರಲಿ. ಸರಣಿಯಲ್ಲಿ ಅಷ್ಟೇ ರೋಧದ ಇನ್ನೊಂದು ಸೆಟ್ಟಿನೊಳಗಿದ್ದು ಋಣ ಧ್ರುವಕ್ಕೆ ಮರಳಲಿ. ಹರಿಯುವುದು ಬರೀ 0.6 ಮಿಲಿಆಂಪಿಯರ್. ನಡುವಣ ಬಿಂದುವಿನಲ್ಲಿ 6 ವೋಲ್ಟ್ ಇರುತ್ತದೆ. ತಂತಿ ಕತ್ತರಿಸಿದರೆ ಅದು 12ಕ್ಕೆ ಏರುತ್ತದೆ, ತಂತಿಗಳನ್ನು ಸೇರಿಸಿದರೆ ಸೊನ್ನೆಗೆ ಇಳಿಯುತ್ತದೆ. 4ಕ್ಕಿಂತ ಕಡಿಮೆಯಾದರೂ 8ಕ್ಕಿಂತ ಹೆಚ್ಚಾದರೂ ಗುರುತಿಸಲು ಎರಡು ಕಂಪ್ಯಾರೇಟರುಗಳಿರುವ ಒಂದು ಎಲ್‌ಎಂ393 ಚಿಪ್ಪು ಸಾಕು.

ಕೆಲಸ ಹಗುರವೆಂದು ಎರಡನೆಯ ರೋಧಕವನ್ನೂ ಪೆಟ್ಟಿಗೆಯಲ್ಲೇ ಕೂರಿಸಿದಿರೋ, ತಂತಿ ಸೇರಿಸಿದ್ದು ಗಂಟೆಗೆ ತಿಳಿಯುವುದೇ ಇಲ್ಲ. ಪ್ರತಿ ಸೆಟ್ಟಿಗೂ ಪ್ರತ್ಯೇಕ ಮಂಡಲವಿರಲಿ. ಕಳ್ಳ ಗಾಬರಿಯಿಂದ ತಂತಿಯನ್ನು ಮರಳಿ ಜೋಡಿಸಿದರೂ, ಮಾಲೀಕರು ಕೀಲಿ ತಿರುಗಿಸುವ ತನಕ ಗಂಟೆ ನಿಲ್ಲದಂತೆ ಒಂದು ಎಸ್‌ಸಿಆರ್ ಸೇರಿಸಿ.